ಟ್ಯಾಬ್ ಬಂತು, ತರಬೇತಿಯೂ ಆಯ್ತು, ಪಾಠ ಮಾತ್ರ ಹಾಗೇ ಇದೆ

ಪ್ರಶ್ನೆ: ನಾನು ಒಂದು ಪ್ರೌಢಶಾಲೆಯಲ್ಲಿ ಹಿರಿಯ ಶಿಕ್ಷಕಿ. ಕಳೆದ ವರ್ಷ ನಮ್ಮ ಶಾಲೆಗೆ ಮೂರು ಪ್ರೊಜೆಕ್ಟರ್, ಹದಿನೈದು ಟ್ಯಾಬ್ ಬಂದವು. ಎರಡು ದಿನದ ತರಬೇತಿಯೂ ಆಯಿತು. ಉಳಿದ ಶಿಕ್ಷಕರಿಗೆ ನೆರವಾಗುವ ಜವಾಬ್ದಾರಿಯನ್ನು ಹೆಡ್‌ಮಾಸ್ಟರ್ ನನಗೆ ಕೊಟ್ಟಿದ್ದಾರೆ. ಆರು ತಿಂಗಳಾಯಿತು. ಪ್ರೊಜೆಕ್ಟರ್‌ನಲ್ಲಿ ಪಠ್ಯಪುಸ್ತಕದ ಪಿಡಿಎಫ್ ಹಾಕಿ ಓದಿಸುತ್ತಾರೆ, ಅಷ್ಟೆ. ಟ್ಯಾಬ್‌ಗಳು ಬೀರುವಿನಲ್ಲಿವೆ. ಒಬ್ಬ ಹಿರಿಯ ಮೇಷ್ಟ್ರು "ಇದಿಲ್ಲದೆ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೀನಿ" ಅಂತಾರೆ. ಬ್ಲೆಂಡೆಡ್ ಲರ್ನಿಂಗ್ ಅಂತ ಮನೆಗೆ ವಿಡಿಯೋ ಕಳಿಸಿದರೆ ಅರ್ಧ ಮಕ್ಕಳು ನೋಡುವುದೇ ಇಲ್ಲ. ಇದರ ಮೇಲೆ ಪ್ರತಿ ತಿಂಗಳು ಬಳಕೆ ವರದಿ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಟ್ಯಾಬ್ ಬೀರು ಸೇರಿದ್ದಕ್ಕೆ ನಿಮ್ಮನ್ನಾಗಲಿ, ನಿಮ್ಮ ಜೊತೆಯವರನ್ನಾಗಲಿ ದೂರುವ ಹಾಗಿಲ್ಲ. ಎರಡು ದಿನದ ತರಬೇತಿಯಿಂದ ಇದಕ್ಕಿಂತ ಜಾಸ್ತಿ ಏನೂ ಆಗುವುದಿಲ್ಲ. ನಾನೇ ಅಂಥ ತರಬೇತಿ ಕೊಟ್ಟವನು. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹನ್ನೆರಡು ವರ್ಷ ವಿಜ್ಞಾನ ಪಾಠ ಮಾಡಿ ತರಬೇತಿಯ ಕೆಲಸಕ್ಕೆ ಬಂದ ಹೊಸತು. ಮೊದಲ ಕಾರ್ಯಾಗಾರದಲ್ಲೇ ಎರಡು ದಿನಕ್ಕೆ ಹದಿನಾಲ್ಕು ಆ್ಯಪ್ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತುಂಬಾ ಉಪಯೋಗವಾಯಿತು ಅಂತ ಹಾಳೆಯಲ್ಲಿ ಬರೆದೂ ಕೊಟ್ಟರು. ಎರಡು ತಿಂಗಳು ಬಿಟ್ಟು ಅದೇ ಶಾಲೆಗೆ ಹೋಗಿ ನೋಡಿದರೆ ಹದಿನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ. ಒಬ್ಬ ಗಣಿತದ ಟೀಚರ್ ಮಾತ್ರ, ಮಕ್ಕಳಿಗೆ ಗುಂಪು ಕೆಲಸ ಕೊಟ್ಟಾಗ ಪರದೆಯ ಮೇಲೆ ದೊಡ್ಡದಾಗಿ ಟೈಮರ್ ಹಾಕುತ್ತಿದ್ದರು. ಅದನ್ನು ನಾನು ಕಲಿಸಿಯೇ ಇರಲಿಲ್ಲ! ಕಾರ್ಯಾಗಾರದಲ್ಲಿ ಗುಂಪುಗಳು ಹೊತ್ತು ಮೀರದಿರಲಿ ಅಂತ ಸುಮ್ನೆ ಹಾಕಿಟ್ಟಿದ್ದೆ. ಅವರ ತರಗತಿಯಲ್ಲಿ ಗುಂಪು ಕೆಲಸ ಶುರುವಾದರೆ ಮುಗಿಯುತ್ತಲೇ ಇರಲಿಲ್ಲವಂತೆ. ಆ ತಾಪತ್ರಯಕ್ಕೆ ಇದು ಮದ್ದಾಗಿ ಕಂಡಿದೆ, ಎತ್ತಿಕೊಂಡು ಹೋಗಿದ್ದಾರೆ.

ಅವತ್ತು ನನಗೆ ಬುದ್ಧಿ ಬಂತು. ಪಾಠದಲ್ಲಿ ತಮಗೆ ಎಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುತ್ತದೋ, ಅಲ್ಲಿಗೆ ಆಗುವಂಥದ್ದು ಕಣ್ಣಿಗೆ ಬಿದ್ದರೆ ಟೀಚರ್‌ಗಳು ಯಾರ ಒತ್ತಾಯವೂ ಇಲ್ಲದೆ ಬಳಸುತ್ತಾರೆ. ಮಿಕ್ಕಿದ್ದೆಲ್ಲ ತರಬೇತಿಯ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ಹಾಗಾಗಿ ಇಡೀ ಶಾಲೆಯನ್ನು ಒಟ್ಟಿಗೆ ಎಳೆಯಲು ಹೋಗಬೇಡಿ. ಒಬ್ಬರನ್ನು ಹಿಡಿಯಿರಿ. ಮೊಬೈಲ್‌ನಲ್ಲಿ ಚುರುಕಾಗಿರುವ ಹೊಸ ಟೀಚರನ್ನೇ ಹಿಡಿಯೋಣ ಅನ್ನಿಸುತ್ತದೆ. ಬೇಡ. ಅವರು ಎಷ್ಟು ಚೆನ್ನಾಗಿ ಮಾಡಿದರೂ ಉಳಿದವರು "ಅವರಿಗೇನು, ಗೊತ್ತಿದೆ, ಮಾಡ್ತಾರೆ" ಅಂದುಬಿಡುತ್ತಾರೆ. ಸ್ಟಾಫ್‌ರೂಮಿನಲ್ಲಿ ಯಾರ ಮಾತಿಗೆ ತೂಕ ಇದೆ, ಯಾರಿಗೆ ತಮ್ಮ ಪಾಠದ ಬಗ್ಗೆ ಸ್ವಲ್ಪ ಅಸಮಾಧಾನವೂ ಇದೆ ನೋಡಿ. ಅವರ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: "ಯಾವ ಪಾಠ ಬಂದರೆ ನಿಮಗೆ ತಲೆಬಿಸಿ? ಎಷ್ಟು ಸಲ ಹೇಳಿದರೂ ಮಕ್ಕಳು ಎಲ್ಲಿ ತಪ್ಪುತ್ತಾರೆ?" ಆ ಮಾತುಕತೆಯಲ್ಲಿ ಟ್ಯಾಬ್ ಅನ್ನುವ ಪದವೇ ಬರಬಾರದು.

ನಾನು ಹೀಗೆ ಕೇಳಿದಾಗ ಒಬ್ಬ ವಿಜ್ಞಾನದ ಮೇಷ್ಟ್ರು ಯೋಚನೆ ಕೂಡ ಮಾಡದೆ ಹೇಳಿದ್ದು ಸರ್ಕ್ಯೂಟ್ ಪಾಠ. ಒಂದೇ ತಂತಿಯಲ್ಲಿ ಸಾಲಾಗಿ ಎರಡು ಬಲ್ಬ್ ಜೋಡಿಸಿದರೆ ಮೊದಲನೆಯದು ಒಂದಿಷ್ಟು ಕರೆಂಟನ್ನು ಖರ್ಚು ಮಾಡಿಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು ಹೋಗುತ್ತದೆ ಅಂತ ಮಕ್ಕಳು ನಂಬಿರುತ್ತಾರೆ. ಯಾವ ದೇಶದ ವಿಜ್ಞಾನದ ಟೀಚರನ್ನು ಕೇಳಿದರೂ ಈ ತಪ್ಪು ಅವರಿಗೆ ಪರಿಚಯ. ಮೇಷ್ಟ್ರು ನಿಜವಾದ ಬಲ್ಬ್ ಇಟ್ಟು ಪ್ರಯೋಗವನ್ನೂ ತೋರಿಸುತ್ತಿದ್ದರು. ಎಡವಟ್ಟಾಗುತ್ತಿದ್ದದ್ದೇ ಅಲ್ಲಿ. ಅಂಗಡಿಯಿಂದ ತಂದ ಬಲ್ಬ್‌ಗಳು ಒಂದರಂತೆ ಒಂದು ಇರುವುದಿಲ್ಲ. ಯಾವುದೋ ಒಂದು ಚೂರು ಮಂಕಾಗಿ ಉರಿಯುತ್ತದೆ. ಅದು ಎರಡನೆಯ ಜಾಗದಲ್ಲೇ ಇದ್ದುಬಿಟ್ಟರೆ ಮುಗಿಯಿತು. "ನೋಡಿ ಸಾರ್, ನಾವು ಹೇಳಲಿಲ್ವಾ?"

ಇಂಥ ಕಡೆ ಕಂಪ್ಯೂಟರ್‌ಗೆ ನಿಜವಾಗಿ ಕೆಲಸ ಇದೆ. ಫೆಟ್ ಅಂತ ಒಂದು ಸಿಮ್ಯುಲೇಶನ್ ಸಂಗ್ರಹ ಇದೆ, ಅಂದರೆ ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿ ನೋಡುವಂಥದ್ದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಉಚಿತ, ಹಲವಾರು ಭಾಷೆಗಳಲ್ಲಿ ಸಿಗುತ್ತದೆ. ಅದರಲ್ಲಿ ತಂತಿ, ಬ್ಯಾಟರಿ, ಬಲ್ಬ್ ಎಳೆದು ತಂದು ಸರ್ಕ್ಯೂಟ್ ಕಟ್ಟಬಹುದು. ಅಲ್ಲಿನ ಎರಡು ಬಲ್ಬ್ ಅಂದರೆ ತದ್ರೂಪಿ. ಕರೆಂಟ್ ಅಳೆಯುವ ಅಮ್ಮೀಟರನ್ನು ಬಲ್ಬ್‌ನ ಈ ಕಡೆ ಇಟ್ಟರೂ ಒಂದೇ ಅಂಕಿ, ಆ ಕಡೆ ಇಟ್ಟರೂ ಒಂದೇ ಅಂಕಿ.

ಮೇಷ್ಟ್ರು ಖುಷಿಯಿಂದ ನೇರ ಅದನ್ನೇ ತೋರಿಸಲು ಹೊರಟರು. ತಡೀರಿ ಅಂದೆ. ಮೊದಲು ಮಕ್ಕಳು ತಮ್ಮ ಊಹೆಯನ್ನು ಬಾಯಿಬಿಟ್ಟು ಹೇಳಬೇಕು. ಪ್ರಶ್ನೆ ಬೋರ್ಡ್ ಮೇಲೆ ಹಾಕಿದೆವು. ಎ: ಮೊದಲ ಬಲ್ಬ್ ಪ್ರಖರ. ಬಿ: ಎರಡನೆಯದು ಪ್ರಖರ. ಸಿ: ಎರಡೂ ಒಂದೇ. ಪ್ರತಿಯೊಬ್ಬರ ಕೈಯಲ್ಲಿ ಅಕ್ಷರ ಬರೆದ ಕಾರ್ಡ್. ಮಾತಿಲ್ಲದೆ ಒಂದೇ ಸಲಕ್ಕೆ ಎತ್ತಬೇಕು. ಅರ್ಧಕ್ಕಿಂತ ಹೆಚ್ಚು ಕೈಗಳಲ್ಲಿ ಎ. ಸರಿ ಉತ್ತರ ಹೇಳಲಿಲ್ಲ. ನಿಮ್ಮದಕ್ಕಿಂತ ಬೇರೆ ಕಾರ್ಡ್ ಎತ್ತಿದವರನ್ನು ಹುಡುಕಿ ಮೂರು ನಿಮಿಷ ವಾದ ಮಾಡಿ ಅಂತ ಬಿಟ್ಟೆವು. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಪಕ್ಕದವನನ್ನು ಕೇಳುತ್ತಿದ್ದಳು: "ಯಾವ ಬಲ್ಬ್ ಮೊದಲನೆಯದು ಅಂತ ಕರೆಂಟ್‌ಗೆ ಹೇಗೆ ಗೊತ್ತು? ಬ್ಯಾಟರಿ ತಿರುಗಿಸಿ ಹಾಕಿದರೆ?" ಮೇಷ್ಟ್ರು ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಅವರ ತರಗತಿಯಲ್ಲಿ ಬಂದಿರಲಿಲ್ಲವಂತೆ.

ಎರಡನೇ ಸಲ ಕಾರ್ಡ್ ಎತ್ತಿದಾಗ ಸಿ ಜಾಸ್ತಿಯಾಗಿತ್ತು. ಆಮೇಲೆ ಸಿಮ್ಯುಲೇಶನ್. ಆ ಹುಡುಗಿಯೇ ಬಂದು ಬ್ಯಾಟರಿ ತಿರುಗಿಸಿದಳು. ಕೊನೆಗೆ ಮತ್ತೆ ನಿಜವಾದ ಬಲ್ಬ್‌ಗೆ ಬಂದೆವು. ಈಗಲೂ ಒಂದು ಮಂಕಾಗಿಯೇ ಇತ್ತು. ಎರಡನ್ನೂ ಅದಲುಬದಲು ಮಾಡಿ ನೋಡಿ ಅಂದಿದ್ದೇ, ಮಂಕು ಬಲ್ಬ್‌ನ ಜೊತೆಗೇ ಹೋಯಿತು. ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಮಕ್ಕಳೇ ಹೇಳಿದರು.

ಆ ಪಾಠಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಒಂದಿಷ್ಟು ರಟ್ಟಿನ ಕಾರ್ಡ್. ಕಾರ್ಡ್ ಎತ್ತಿಸಿ ವಾದ ಮಾಡಿಸುವ ಈ ಪದ್ಧತಿಯನ್ನು ಹಾರ್ವರ್ಡ್‌ನ ಭೌತವಿಜ್ಞಾನದ ಪ್ರೊಫೆಸರ್ ಎರಿಕ್ ಮಝೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ಶುರು ಮಾಡಿದರು. ಬಟನ್ ಒತ್ತುವ ಕ್ಲಿಕರ್‌ಗಳೆಲ್ಲ ಇದಕ್ಕೆ ಆಮೇಲೆ ಸೇರಿಕೊಂಡವು. ಒಂದು ಅಂದಾಜು ನೆನಪಿಡಿ. ಮೊದಲ ಸುತ್ತಿನಲ್ಲಿ ನೂರಕ್ಕೆ 30ರಿಂದ 70 ಮಕ್ಕಳು ಸರಿ ಹೇಳಿದರೆ ವಾದಕ್ಕೆ ಬಿಡಿ. ಅದಕ್ಕಿಂತ ಕಡಿಮೆ ಇದ್ದರೆ ವಾದ ಮಾಡಲು ಅವರ ಹತ್ತಿರ ಸರಕೇ ಇರುವುದಿಲ್ಲ, ಇನ್ನೊಮ್ಮೆ ಪಾಠ ಮಾಡಬೇಕು. ಜಾಸ್ತಿ ಇದ್ದರೆ ಮುಂದಕ್ಕೆ ಹೋಗಬಹುದು.

ಪಾಠದ ವಿಷಯ, ಅದನ್ನು ಕಲಿಸುವ ಬಗೆ, ಉಪಕರಣ, ಈ ಮೂರೂ ಸೇರುವ ಕಡೆ ಇರುವ ತಿಳಿವಳಿಕೆಯೇ ಬೇರೆ ಅಂತ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಅನ್ನುವ ಶಿಕ್ಷಣ ಸಂಶೋಧಕರು 2006ರಲ್ಲಿ ಬರೆದರು. ಟಿಪ್ಯಾಕ್ ಅಂತ ಅದರ ಹೆಸರು. ನೀವು ತರಬೇತಿಗಳಲ್ಲಿ ಮೂರು ವೃತ್ತದ ಚಿತ್ರ ನೋಡಿರುತ್ತೀರಿ. ಚಿತ್ರ ಮರೆತರೂ ಪರವಾಗಿಲ್ಲ. ಬಲ್ಬ್ ಅದಲುಬದಲು ಮಾಡಿಸಬೇಕು ಅಂತ ಹೊಳೆಯಿತಲ್ಲ, ಅದೇ ಆ ತಿಳಿವಳಿಕೆ. ಅದು ಯಾವ ಆ್ಯಪ್ ಒಳಗೂ ಇರಲಿಲ್ಲ.

ಈಗ ನಿಮ್ಮ ಪಾತ್ರಕ್ಕೆ ಬರೋಣ. ಇಡೀ ಉತ್ತರದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲ ಸಲ ಮಾಡುವಾಗ ನೀವು ಆ ತರಗತಿಯೊಳಗೆ ಇರಬೇಕು. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅನ್ನುವ ಇಬ್ಬರು ಶಿಕ್ಷಣ ಸಂಶೋಧಕರು 1980ರ ದಶಕದಿಂದಲೇ ಇದನ್ನು ಹೇಳುತ್ತಾ ಬಂದರು. ತರಬೇತಿಯಲ್ಲಿ ಕಲಿತದ್ದು ತರಗತಿಗೆ ಇಳಿಯಬೇಕಾದರೆ ಆಮೇಲೆ ಜೊತೆಗೊಬ್ಬರು ನಿಲ್ಲಬೇಕು ಅಂತ. ನಾವು ಮಾತ್ರ ಇವತ್ತಿಗೂ ತರಬೇತಿಯ ದಿನಗಳನ್ನೇ ಎಣಿಸುತ್ತಿದ್ದೇವೆ.

ಯಾಕೆ ಒಳಗೇ ಇರಬೇಕು ಗೊತ್ತಾ? ಭಯ. ಟೀಚರ್‌ಗಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಲವತ್ತೈದು ಮಕ್ಕಳ ಮುಂದೆ ಪ್ರೊಜೆಕ್ಟರ್ ಕೈಕೊಟ್ಟಾಗ ಆ ಮೌನದ ಎರಡು ನಿಮಿಷ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು. ಆಮೇಲೆ ಒಬ್ಬ ಹುಡುಗ ಎದ್ದು ಬಂದು "ಮಿಸ್, ನಾನು ಸರಿ ಮಾಡ್ಲಾ?" ಅಂದು ಒಂದು ಬಟನ್ ಒತ್ತಿ ಸರಿ ಮಾಡಿಬಿಡುತ್ತಾನೆ. ಮರುದಿನದಿಂದ ಪ್ರೊಜೆಕ್ಟರ್ ಬೀರುವಿಗೆ. ನಿಜ ಹೇಳಬೇಕೆಂದರೆ ಆ ಹುಡುಗನೇ ನಿಮ್ಮ ಆಸ್ತಿ. ಪ್ರತಿ ತರಗತಿಯಲ್ಲಿ ಅಂಥ ಇಬ್ಬರನ್ನು ಮೊದಲೇ ಗೊತ್ತು ಮಾಡಿ, ಅದು ಅವರ ಕೆಲಸ ಅಂತ ಹೆಸರಿಟ್ಟು ಕೊಟ್ಟುಬಿಡಿ. ಆಗ ಮೇಡಂಗೆ ಬರಲ್ಲ ಅನ್ನುವ ಮಾತೇ ಏಳುವುದಿಲ್ಲ.

ಮೊದಲ ಸಲ ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲಿರಲಿ, ಪಾಠ ಅವರದು. ಎರಡನೇ ಸಲ ಎರಡೂ ಅವರ ಕೈಯಲ್ಲಿ, ನೀವು ಹಿಂದಿನ ಬೆಂಚಿನಲ್ಲಿ. ಮೂರನೇ ಸಲ ನೀವು ಪಕ್ಕದ ಕೋಣೆಯಲ್ಲಿದ್ದರೆ ಸಾಕು. ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ಪ್ಲಗ್‌ನಲ್ಲಿ, ಪಾಠ ನಡೆಯುವ ಅದೇ ಹೊತ್ತಿನಲ್ಲಿ ಒಂದು ಸಲ ಓಡಿಸಿ ನೋಡಿ. ಹೊತ್ತು ಯಾಕೆ ಅಂದರೆ ಬಿಸಿಲು. ಬೆಳಗ್ಗೆ ಚೆನ್ನಾಗಿ ಕಂಡ ಪರದೆ ಮಧ್ಯಾಹ್ನ ಬಿಳೀ ಗೋಡೆಯಾಗಿರುತ್ತದೆ. ಇನ್ನೊಂದು ಒಪ್ಪಂದ ಮಾಡಿಕೊಳ್ಳಿ: ಎರಡು ನಿಮಿಷದಲ್ಲಿ ಶುರುವಾಗದಿದ್ದರೆ ಮುಚ್ಚಿಟ್ಟು ಚಾಕ್‌ಪೀಸ್ ಹಿಡಿಯುವುದು. ಅದು ಸೋಲಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇದಕ್ಕೆಲ್ಲ ನಿಮಗೆ ಬಿಡುವು ಬೇಕು. ಜವಾಬ್ದಾರಿ ಕೊಟ್ಟ ಹೆಡ್‌ಮಾಸ್ಟರ್ ಪಿರಿಯಡ್ ಕೊಟ್ಟಿದ್ದಾರಾ? ವಾರಕ್ಕೆ ಕನಿಷ್ಠ ಎರಡು. ಅದರಲ್ಲೊಂದು, ನೀವು ನೆರವಾಗುವ ಟೀಚರ್‌ಗೂ ಬಿಡುವಿರುವ ಹೊತ್ತಿಗೆ ಬರಬೇಕು, ಜೊತೆ ಕೂತು ಪಾಠ ಯೋಚಿಸಲು. ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲದ ಕೆಲಸ ನಡೆಯುವುದಿಲ್ಲ. ಇದನ್ನು ಕೇಳಲು ಸಂಕೋಚ ಪಡಬೇಡಿ.

ಇನ್ನು ಆ ಇಪ್ಪತ್ತೆಂಟು ವರ್ಷದ ಮೇಷ್ಟ್ರು. ಅವರನ್ನು ಒಪ್ಪಿಸುವ ಆಲೋಚನೆ ಬಿಡಿ. ಯಾಕಂದರೆ ಅವರು ಹೇಳುವುದರಲ್ಲಿ ಹುರುಳಿದೆ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಇನ್ನೇನು ಮುಗಿಯಿತು, ಸಿನಿಮಾ ಮೂಲಕವೇ ಎಲ್ಲ ಕಲಿಸಬಹುದು ಅಂತ ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದರು. ಆಮೇಲೆ ರೇಡಿಯೋ ಬಂತು, ಟಿವಿ ಬಂತು, ಪ್ರತಿ ಸಲವೂ ಇದೇ ಮಾತು. ಪೆರು ದೇಶದಲ್ಲಿ ಸರ್ಕಾರ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಹೊರಬಂದ ಅಧ್ಯಯನ ನೋಡಿದರೆ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಎದ್ದು ಕಾಣುವ ಬದಲಾವಣೆ ಇರಲಿಲ್ಲ. ಓಇಸಿಡಿ ಅನ್ನುವ ದೇಶಗಳ ಒಕ್ಕೂಟ 2015ರಲ್ಲಿ ಹಲವು ದೇಶಗಳ ಲೆಕ್ಕ ತೆಗೆದಾಗ, ಶಾಲೆಯಲ್ಲಿ ಕಂಪ್ಯೂಟರನ್ನು ಅತಿಯಾಗಿ ಬಳಸುವ ಮಕ್ಕಳ ಫಲಿತಾಂಶ ಕೆಳಗೇ ಇತ್ತು. ಹಿತಮಿತವಾಗಿ ಬಳಸುವವರದು ಸ್ವಲ್ಪ ವಾಸಿ. ಇದನ್ನೆಲ್ಲ ನೀವೇ ಮೊದಲು ಅವರಿಗೆ ಹೇಳಿ. "ಸಾರ್, ನಿಮ್ಮ ಅನುಮಾನ ಸರಿಯಾಗಿದೆ" ಅಂತ ಶುರುವಾಗುವ ಮಾತುಕತೆಗೆ ಬೇರೆಯದೇ ದಾರಿ ಸಿಗುತ್ತದೆ.

ಅವರ ಹತ್ತಿರ ನಿಮಗೆ ಬೇಕಾದ ಒಂದು ಸಂಪತ್ತಿದೆ. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ಮಕ್ಕಳು ಯಾವ ಪಾಠದಲ್ಲಿ ಏನೇನು ತಪ್ಪು ಬರೆಯುತ್ತಾರೆ ಅನ್ನುವುದು ಬಾಯಿಪಾಠ. ಮೇಲಿನ ಎ, ಬಿ, ಸಿ ಪ್ರಶ್ನೆ ಮಾಡುವಾಗ ಕಷ್ಟ ಇರುವುದು ಸರಿ ಉತ್ತರದಲ್ಲಲ್ಲ. ಮಕ್ಕಳು ನಿಜವಾಗಿ ನಂಬುವಂಥ ತಪ್ಪು ಉತ್ತರ ಬೇಕು. ಕಾಗದ ಪೆನ್ನು ಹಿಡಿದು ಹೋಗಿ. ಒಂದು ಪಾಠಕ್ಕೆ ಐದು ತಪ್ಪು ಬರೆಸಿಕೊಳ್ಳಿ. ಅವರ ಪ್ರಶ್ನೆ ಬೇರೆಯವರ ತರಗತಿಯಲ್ಲಿ ಪರದೆ ಮೇಲೆ ಬಂದು ಗದ್ದಲ ಎಬ್ಬಿಸಿದ ದಿನ ಅದನ್ನು ಅವರಿಗೆ ಹೋಗಿ ಹೇಳಿ. ಅವರು ಜೀವಮಾನದಲ್ಲಿ ಲ್ಯಾಪ್‌ಟಾಪ್ ಮುಟ್ಟದಿದ್ದರೂ ಅಡ್ಡಿಯಿಲ್ಲ.

ಬ್ಲೆಂಡೆಡ್ ಲರ್ನಿಂಗ್ ಅಂದರೆ ಮನೆಗೆ ವಿಡಿಯೋ ಕಳಿಸುವುದು ಅಂತ ಎಲ್ಲೋ ನಾವು ಅಂದುಕೊಂಡುಬಿಟ್ಟಿದ್ದೇವೆ. ಕಲಿಕೆಯ ಒಂದು ಭಾಗ ಪರದೆಯ ಮೂಲಕ, ಮಗುವಿನ ಕೈಯಲ್ಲಿ ಸ್ವಲ್ಪವಾದರೂ ಹಿಡಿತ ಇರುವ ಹಾಗೆ ನಡೆಯಬೇಕು. ಇನ್ನೊಂದು ಭಾಗ ಟೀಚರ್ ಎದುರು ನಡೆಯಬೇಕು. ಎರಡಕ್ಕೂ ಕೊಂಡಿ ಇರಬೇಕು. ಮೊದಲ ಭಾಗ ಶಾಲೆಯೊಳಗೇ ನಡೆದರೂ ಅದು ಬ್ಲೆಂಡೆಡ್ಡೇ. ನಿಮ್ಮಂಥ ಕಡೆ ಶಾಲೆಯೊಳಗೇ ಶುರು ಮಾಡುವುದು ವಾಸಿ. ಅಮೆರಿಕದ ಶಿಕ್ಷಣ ಇಲಾಖೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಕೊಟ್ಟ ವರದಿಯಲ್ಲಿ ಬರೀ ಎದುರು ಬದುರಿನ ಪಾಠಕ್ಕಿಂತ ಬ್ಲೆಂಡೆಡ್ ಮೇಲು ಅಂತ ಬಂತು. ಎಲ್ಲರೂ ಆ ಸಾಲನ್ನು ಎತ್ತಿ ಹೇಳುತ್ತಾರೆ. ಅಂಥ ತರಗತಿಗಳಲ್ಲಿ ಮಕ್ಕಳಿಗೆ ಓದಲು ಹೆಚ್ಚು ಸಮಯ, ಹೆಚ್ಚು ಸಾಮಗ್ರಿ ಕೂಡ ಸಿಕ್ಕಿತ್ತು ಅಂತ ಅದೇ ವರದಿ ಎಚ್ಚರಿಸಿದೆ. ಅದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ನಿಮ್ಮ ಹದಿನೈದು ಟ್ಯಾಬ್‌ಗೆ ಒಂದು ಲೆಕ್ಕ ಕೊಡುತ್ತೇನೆ. ತರಗತಿಯಲ್ಲಿ ನಲವತ್ತೈದು ಮಕ್ಕಳು ಅಂತ ಇಟ್ಟುಕೊಳ್ಳಿ. ತರಬೇತಿಗಳಲ್ಲಿ ಸ್ಟೇಷನ್ ರೊಟೇಷನ್ ಹೇಳಿಕೊಡುತ್ತಾರಲ್ಲ, ಮೂರು ಗುಂಪು, ಹನ್ನೆರಡು ಹನ್ನೆರಡು ನಿಮಿಷಕ್ಕೆ ಜಾಗ ಬದಲು. ನಲವತ್ತೈದು ನಿಮಿಷದ ಪಿರಿಯಡ್‌ನಲ್ಲಿ ಕಾಗದದ ಮೇಲೆ ಕೂರುತ್ತದೆ. ತರಗತಿಯಲ್ಲಿ ಕೂರುವುದಿಲ್ಲ. ಮಕ್ಕಳು ಎದ್ದು ಜಾಗ ಬದಲಿಸಿ ಸುಮ್ಮನಾಗಲು ಪ್ರತಿ ಸಲ ನಾಲ್ಕೈದು ನಿಮಿಷ ಹೋಗುತ್ತದೆ. ಬದಲಿಗೆ ಹೀಗೆ ಮಾಡಿ: ಒಂದು ಟ್ಯಾಬ್‌ಗೆ ಇಬ್ಬರು, ಮೂವತ್ತು ಮಕ್ಕಳು ಟ್ಯಾಬ್ ಮುಂದೆ. ಉಳಿದ ಹದಿನೈದು ಮಕ್ಕಳು ಟೀಚರ್ ಸುತ್ತ. ಇಡೀ ಪಿರಿಯಡ್ ಯಾರೂ ಜಾಗ ಬದಲಿಸುವುದಿಲ್ಲ. ನಾಳೆ ಇನ್ನೊಂದು ಹದಿನೈದು, ನಾಡಿದ್ದು ಮತ್ತೊಂದು. ಮೂರು ದಿನಕ್ಕೊಮ್ಮೆ ಪ್ರತಿ ಮಗುವಿಗೂ ಹದಿನೈದೇ ಜನರ ತರಗತಿ ಸಿಗುತ್ತದೆ. ಟೀಚರ್‌ಗಳಿಗೆ ಇದರ ರುಚಿ ಹತ್ತಿದರೆ ಬಿಡುವುದಿಲ್ಲ. ಹಿಂದಿನ ಬೆಂಚಿನ ಮಗುವಿನ ನೋಟ್‌ಬುಕ್ಕನ್ನು ತಲೆ ಬಗ್ಗಿಸಿ ನೋಡುವಷ್ಟು ಪುರುಸೊತ್ತು ಯಾವತ್ತು ಸಿಕ್ಕಿತ್ತು ಹೇಳಿ?

ಒಂದಕ್ಕೆ ಇಬ್ಬರು ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ. ಇಬ್ಬರಿದ್ದರೆ ಮಾತಾಡಲೇಬೇಕು. ಒಬ್ಬರು ಹೇಳುವುದು, ಇನ್ನೊಬ್ಬರು ಒತ್ತುವುದು, ಐದು ಪ್ರಶ್ನೆಗೊಮ್ಮೆ ಅದಲುಬದಲು. ಟ್ಯಾಬ್‌ನಲ್ಲಿ ಹೊಸ ಪಾಠ ಇಡಬೇಡಿ. ಹಿಂದಿನ ವಾರದ್ದನ್ನು ನೆನಪಿಸಿಕೊಂಡು ಬಿಡಿಸುವ ಪ್ರಶ್ನೆಗಳಿರಲಿ, ಸರಿಯೋ ತಪ್ಪೋ ತಕ್ಷಣ ಗೊತ್ತಾಗಲಿ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಹೆಚ್ಚು ದಿನ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು 2006ರಲ್ಲಿ ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ಇಂಟರ್‌ನೆಟ್ ಆಗಾಗ ಕೈಕೊಡುವ ಕಡೆ ಕೊಲಿಬ್ರಿಯಂಥ ಉಚಿತ ಸಾಫ್ಟ್‌ವೇರನ್ನು ಒಂದು ಕಂಪ್ಯೂಟರ್‌ನಲ್ಲಿ ಹಾಕಿಟ್ಟರೆ ಶಾಲೆಯ ವೈಫೈ ಮೂಲಕವೇ ಎಲ್ಲ ಟ್ಯಾಬ್‌ಗೂ ಪಾಠ ಹೋಗುತ್ತದೆ. ಹೊರಗಿನ ಸಂಪರ್ಕ ಬೇಡ.

ಲಾಗಿನ್ ಬಗ್ಗೆ ಯಾರೂ ಹೇಳಿರುವುದಿಲ್ಲ, ನಾನು ಹೇಳುತ್ತೇನೆ. ಪಾಸ್‌ವರ್ಡ್ ಮರೆತ ಮೂರೇ ಮಕ್ಕಳು ಸಾಕು, ಪಿರಿಯಡ್‌ನ ಕಾಲು ಭಾಗ ಮುಳುಗಿಸಲು. ಟ್ಯಾಬ್ ಹಿಂದೆ ನಂಬರ್ ಅಂಟಿಸಿ. ಯಾವ ಜೋಡಿಗೆ ಯಾವ ನಂಬರ್ ಅಂತ ವರ್ಷಪೂರ್ತಿ ಗಟ್ಟಿ ಮಾಡಿ. ಸಾಧ್ಯವಿದ್ದ ಕಡೆಯೆಲ್ಲ ಲಾಗಿನ್ ಇಲ್ಲದ್ದನ್ನೇ ಬಳಸಿ. ಸಂಜೆ ಚಾರ್ಜಿಗೆ ಹಾಕುವುದು ಯಾರ ಕೆಲಸ ಅಂತ ಬೀರುವಿನ ಬಾಗಿಲ ಮೇಲೆ ಬರೆದು ಅಂಟಿಸಿ. ಇದೆಲ್ಲ ಚಿಲ್ಲರೆ ಕೆಲಸ ಅನ್ನಿಸಬಹುದು. ಎಷ್ಟೋ ಶಾಲೆಗಳಲ್ಲಿ ಇಡೀ ಯೋಜನೆ ನೆಲಕಚ್ಚಿದ್ದು ಇಂಥ ಚಿಲ್ಲರೆಯಿಂದಲೇ.

ಮನೆಗೆ ಕಳಿಸುವ ವಿಡಿಯೋಗೆ ಈಗ ಬರುತ್ತೇನೆ. ಪಾಠವನ್ನು ಮನೆಯಲ್ಲಿ ವಿಡಿಯೋದಲ್ಲಿ ನೋಡಿ ಬಂದು ಅಭ್ಯಾಸವನ್ನು ತರಗತಿಯಲ್ಲಿ ಮಾಡುವ ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುವುದನ್ನು ಜನಪ್ರಿಯ ಮಾಡಿದವರು ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಅನ್ನುವ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳು, 2007ರ ಹೊತ್ತಿಗೆ. ಅವರು ಶುರು ಮಾಡಿದ್ದು ಯಾವ ಕ್ರಾಂತಿಗೂ ಅಲ್ಲ. ಶಾಲೆಗೆ ಬರಲಾಗದೆ ಪಾಠ ತಪ್ಪಿಸಿಕೊಂಡ ಮಕ್ಕಳಿಗೆ ಮತ್ತೆ ಮತ್ತೆ ಹೇಳುವುದು ತಪ್ಪಲಿ ಅಂತ. ನೀವೂ ಅಷ್ಟೇ ಸಣ್ಣದಾಗಿ ಶುರು ಮಾಡಿ. ಗೈರಾದವರಿಗೆ, ಇನ್ನೊಮ್ಮೆ ಕೇಳಬೇಕು ಅನ್ನುವವರಿಗೆ.

ವಿಡಿಯೋವನ್ನು ಆದಷ್ಟು ಅವರವರ ಟೀಚರೇ ಮಾಡಲಿ. ಯೂಟ್ಯೂಬ್‌ನಲ್ಲಿ ಎಂಥೆಂಥ ಚೆಂದದ ವಿಡಿಯೋ ಇದ್ದರೂ ತಮ್ಮ ಮಿಸ್ ದನಿ ಕೇಳಿದಾಗ ಮಕ್ಕಳು ನೋಡುವ ರೀತಿಯೇ ಬೇರೆ. ಸ್ಟುಡಿಯೋ ಏನೂ ಬೇಡ. ಮೇಜಿನ ಮೇಲೆ ಎರಡು ಕಡೆ ಪುಸ್ತಕ ಪೇರಿಸಿ, ಮೇಲೊಂದು ಉದ್ದ ಸ್ಕೇಲ್ ಇಟ್ಟು, ಅದರ ಮೇಲೆ ಮೊಬೈಲನ್ನು ಕ್ಯಾಮೆರಾ ಹೊರಚಾಚುವ ಹಾಗೆ ಮಲಗಿಸಿ. ಕೆಳಗೆ ಹಾಳೆ, ಬರೆಯುವ ಕೈ ಮಾತ್ರ ಕಾಣಲಿ. ಮುಖ ತೋರಿಸಬೇಕಿಲ್ಲ ಅಂದ ಕೂಡಲೇ ಅರ್ಧ ಟೀಚರ್‌ಗಳ ಸಂಕೋಚ ಹೋಗುತ್ತದೆ. ಮಧ್ಯೆ ತಪ್ಪಿದರೆ ಹೊಡೆದು ಹಾಕಿ ಮುಂದುವರಿಯಿರಿ, ತರಗತಿಯಲ್ಲಿ ಮಾಡುವ ಹಾಗೇ. ಆರು ನಿಮಿಷ ದಾಟಬೇಡಿ. ಎಡ್‌ಎಕ್ಸ್‌ನ ಆನ್‌ಲೈನ್ ಕೋರ್ಸ್‌ಗಳಲ್ಲಿ ಜನ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಹಿಡಿದು 2014ರಲ್ಲಿ ಮಾಡಿದ ಅಧ್ಯಯನದಲ್ಲೂ, ವಿಡಿಯೋ ಎಷ್ಟೇ ಉದ್ದ ಇದ್ದರೂ ನೋಡುಗರು ಸಾಮಾನ್ಯವಾಗಿ ನಿಲ್ಲುತ್ತಿದ್ದದ್ದು ಆರು ನಿಮಿಷದ ಆಸುಪಾಸಿನವರೆಗೆ.

ಅರ್ಧ ಮಕ್ಕಳು ನೋಡುವುದಿಲ್ಲ ಅಂದಿರಿ. ಯಾವ ಅರ್ಧ? ಒಂದು ಸಲ ಹೆಸರು ಹಿಡಿದು ಪಟ್ಟಿ ಮಾಡಿ. ಮನೆಯಲ್ಲಿ ಒಂದೇ ಮೊಬೈಲ್, ಅದು ಮನೆಗೆ ಬರುವುದೇ ರಾತ್ರಿ, ಜೊತೆಗೆ ಇಬ್ಬರು ತಮ್ಮಂದಿರು. ಇಂಥ ಮಕ್ಕಳಿಗೆ "ನಾಳೆಯೊಳಗೆ ನೋಡಿ" ಅಂದರೆ ಸೋಮಾರಿ ಅಂತ ಹಣೆಪಟ್ಟಿ ಹಚ್ಚಿದ ಹಾಗೆ. ಮೂರು ದಿನ ಕೊಡಿ. ಕಡಿಮೆ ಎಂಬಿಯ ಫೈಲ್ ಕಳಿಸಿ. ಅದೇ ವಿಷಯವನ್ನು ಒಂದು ಪುಟದಲ್ಲಿ ಬರೆದೂ ಕೊಡಿ. ಬೀರುವಿನ ಟ್ಯಾಬ್‌ನಲ್ಲಿ ವಿಡಿಯೋ ಹಾಕಿಟ್ಟು ಶಾಲೆ ಶುರುವಾಗುವ ಮುಂಚೆ ನೋಡಲು ಬಿಡಿ.

ಎಲ್ಲ ಅನುಕೂಲ ಇದ್ದೂ ನೋಡದವರು ಇರುತ್ತಾರೆ. ಅವರ ವಿಷಯದಲ್ಲಿ ಒಂದು ತಪ್ಪು ಮಾತ್ರ ಮಾಡಬೇಡಿ. "ಎಷ್ಟು ಜನ ನೋಡಿಲ್ಲ? ಸರಿ, ಇನ್ನೊಂದು ಸಲ ಹೇಳ್ತೀನಿ" ಅಂತ ತರಗತಿಯಲ್ಲಿ ಮತ್ತೆ ಪಾಠ ಶುರು ಮಾಡಿದರೆ ನೋಡಿ ಬಂದ ಮಗು ಪೆದ್ದಾಗುತ್ತದೆ. ಮುಂದಿನ ವಾರ ಆ ಮಗುವೂ ನೋಡುವುದಿಲ್ಲ. ನೋಡದವರು ಮೂಲೆಯಲ್ಲಿ ಟ್ಯಾಬ್ ಹಿಡಿದು ನೋಡಲಿ. ಉಳಿದವರು ಲೆಕ್ಕ ಬಿಡಿಸಲು ಕೂರಲಿ, ಟೀಚರ್ ಅವರ ನಡುವೆ ಓಡಾಡಲಿ. ಬೈಗುಳ ಬೇಡ. ಎಲ್ಲರೂ ಗದ್ದಲದಲ್ಲಿ ಲೆಕ್ಕ ಬಿಡಿಸುವಾಗ ತಾನೊಬ್ಬ ಮೂಲೆಯಲ್ಲಿ ಕೂರುವುದು ಯಾವ ಹುಡುಗನಿಗೂ ಜಾಸ್ತಿ ದಿನ ಹಿಡಿಸುವುದಿಲ್ಲ.

ಎಐ ಬಗ್ಗೆ ನೀವು ಕೇಳಿಲ್ಲ, ಆದರೆ ಸ್ಟಾಫ್‌ರೂಮಿನಲ್ಲಿ ಕೇಳುತ್ತಾರೆ. ಒಂದೇ ಲೆಕ್ಕವನ್ನು ಹತ್ತು ಬೇರೆ ಬೇರೆ ಅಂಕಿಗಳಲ್ಲಿ ಮಾಡಿಕೊಳ್ಳಲು, ಕಷ್ಟದ ಪುಟವನ್ನು ಸರಳ ಮಾಡಿಸಲು ಚಾಟ್‌ಬಾಟ್ ಒಳ್ಳೆಯ ಸಹಾಯಕ. ಉತ್ತರಗಳನ್ನು ತಾವೇ ಬಿಡಿಸಿ ನೋಡದೆ ತರಗತಿಗೆ ಒಯ್ಯಬಾರದು, ಅದು ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ಮಕ್ಕಳ ಹೆಸರು, ಅಂಕ, ಫೋಟೋ ಅದಕ್ಕೆ ಹಾಕಬಾರದು. ಸದ್ಯಕ್ಕೆ ಇಷ್ಟು ಸಾಕು.

ಕೊನೆಯದು ನಿಮ್ಮ ವರದಿ. "ಟ್ಯಾಬ್ ಎಷ್ಟು ಗಂಟೆ ಬಳಸಿದಿರಿ?" ಅನ್ನುವ ಕಾಲಂ ಇರುತ್ತದೆ ಅಲ್ವಾ? ಗಂಟೆ ಕೇಳಿದರೆ ಗಂಟೆಯೇ ಸಿಗುತ್ತದೆ. ಪಿಡಿಎಫ್ ಹಾಕಿ ಓದಿಸುವುದು ಶುರುವಾಗಿದ್ದೇ ಬಹುಶಃ ಆ ಕಾಲಂ ತುಂಬಿಸಲು. ಕಾಲಂ ತೆಗೆಯುವುದು ನಿಮ್ಮ ಕೈಯಲ್ಲಿಲ್ಲ, ತುಂಬಿಸಿ ಕೊಡಿ. ಜೊತೆಗೆ ನಿಮ್ಮದೇ ಒಂದು ಹಾಳೆ ಲಗತ್ತಿಸಿ. ಯಾವ ಟೀಚರ್, ಯಾವ ಪಾಠ, ಮಕ್ಕಳು ಎಲ್ಲಿ ತಪ್ಪುತ್ತಿದ್ದರು, ಏನು ಬದಲಿಸಿದೆವು, ಮೊದಲ ಸಲ ಎಷ್ಟು ಜನ ಸರಿ ಕಾರ್ಡ್ ಎತ್ತಿದರು, ಎರಡು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ ಎಷ್ಟು ಜನ. ಕಾರ್ಡ್ ಎಣಿಸುವುದನ್ನು ಮುಂದಿನ ಬೆಂಚಿನ ಮಕ್ಕಳಿಗೆ ಕೊಟ್ಟರೆ ಅರ್ಧ ನಿಮಿಷದ ಕೆಲಸ. ಮೊದಲ ತಿಂಗಳು ಹಾಳೆಯಲ್ಲಿ ಒಂದೇ ಪಾಠ ಇರುತ್ತದೆ. ಸುಧಾರಿಸದಿದ್ದರೂ ಅದನ್ನು ಹಾಗೇ ಬರೆದು ಕಳಿಸಿ, ಆ ಪಾಠಕ್ಕೆ ಯಾವುದು ಕೆಲಸ ಮಾಡಲಿಲ್ಲ ಅನ್ನುವುದು ಮುಂದಿನ ಟೀಚರ್‌ಗೆ ಬೇಕಾಗುತ್ತದೆ.